ನಸುಕಿನ ಓದಿನ ಲೆಕ್ಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಉತ್ತರ ಕರ್ನಾಟಕದ ಊರುಗಳಲ್ಲಿ ಕೋಳಿಗಿಂತ ಮೊದಲು ಫೋನು ಕೂಗತೊಡಗುತ್ತದೆ. ಹತ್ತನೆಯ ತರಗತಿಯ ಮಕ್ಕಳನ್ನು ಶಿಕ್ಷಕರು ತಮ್ಮತಮ್ಮಲ್ಲಿ ಹಂಚಿಕೊಂಡು, ನಸುಕಿನ ನಾಲ್ಕಕ್ಕೋ ಐದಕ್ಕೋ ಪಾಲಕರ ಮೊಬೈಲಿಗೆ ಕರೆ ಹಚ್ಚಿ, 'ತಮ್ಮ ಎದ್ದಾನೇನ್ರೀ, ಓದಾಕ ಕುಂತಾನೇನು?' ಎಂದು ವಿಚಾರಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ರಾಜ್ಯದ ಹಲವೆಡೆ ಬೇರೂರಿದೆ. ಅದರ ಹಿಂದಿನ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಸಂಬಳಕ್ಕಾಗಿ ಯಾರೂ ಆ ಹೊತ್ತಿಗೆ ಏಳುವುದಿಲ್ಲ. ಒತ್ತಡವೂ ಸಣ್ಣದಲ್ಲ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಸೇರಿಸಿದ ಮೇಲೆ. ಜಿಲ್ಲೆಗೊಂದು ಸ್ಥಾನ, ತಾಲ್ಲೂಕಿಗೊಂದು ಸ್ಥಾನ ಎಂದು ಪಟ್ಟಿ ಹಾಕುವ ವ್ಯವಸ್ಥೆಯಲ್ಲಿ ಶಿಕ್ಷಕರಿಗೆ ಮಗುವಿನ ದಿನದಲ್ಲಿ ಖಾಲಿ ಕಂಡದ್ದು ಅದೊಂದೇ ಹೊತ್ತು. ಜೊತೆಗೆ 'ನಸುಕಿನ್ಯಾಗ ಓದಿದ್ದು ತಲಿಯಾಗ ನಿಲ್ಲತೈತಿ' ಎಂಬ ಹಳೆಯ ನಂಬಿಕೆಯ ಬಲ ಬೇರೆ. ಆದರೆ ಆ ಹೊತ್ತು ಖಾಲಿ ಇರಲಿಲ್ಲ ಎಂಬುದೇ ಈ ಅಧ್ಯಾಯದ ವಾದ. ಹದಿನೈದರ ಹುಡುಗನ ಮೆದುಳು ಆಗ ಏನನ್ನೋ ಮಾಡುತ್ತಿರುತ್ತದೆ, ಮತ್ತು ಆ ಕೆಲಸವೂ ಓದಿನದೇ ಭಾಗ.

ಬಾದಾಮಿ ತಾಲ್ಲೂಕಿನ ಕೆರೂರಿನಂಥ ಊರಿನ ಒಂದು ಮನೆಯ ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿ, ಅದು ಮುಗಿದರೆ ಟ್ಯೂಷನ್. ಮನೆಗೆ ಬಂದಾಗ ಎಂಟು. ನೇಕಾರರ ಮನೆಯಾದರೆ ಮಗ್ಗ ನಿಲ್ಲುವವರೆಗೆ ಹಾಸಿಗೆ ಬಿಚ್ಚಲು ಜಾಗವಿಲ್ಲ. ರೊಟ್ಟಿ ಊಟ, ಟಿವಿ, ನಡುವೆ ಒಂದಿಷ್ಟು ಮೊಬೈಲ್. ದೀಪ ಆರುವಾಗ ಹನ್ನೊಂದು. ನಾಲ್ಕಕ್ಕೆ ಎದ್ದರೆ ನಿದ್ದೆ ಐದು ತಾಸು. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು, ಆರರಿಂದ ಹನ್ನೆರಡರ ಮಕ್ಕಳಿಗೆ 9ರಿಂದ 12 ತಾಸು ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದೆ. ಈ ಅಂಕಿಯನ್ನು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ಹತ್ತು ತಾಸು ಮಲಗುವ ಹುಡುಗನಿಗೆ ನಮ್ಮಲ್ಲಿ ಇರುವ ಹೆಸರೇ ಬೇರೆ.

ನಿದ್ದೆ ಇಡೀ ರಾತ್ರಿ ಒಂದೇ ಹದದಲ್ಲಿ ಇರುವುದಿಲ್ಲ. ಸುಮಾರು ಒಂದೂವರೆ ತಾಸಿಗೊಂದರಂತೆ ಸುತ್ತು ಹಾಕುತ್ತದೆ, ಒಂದು ಸುತ್ತು ಇನ್ನೊಂದರಂತಿರುವುದಿಲ್ಲ. ರಾತ್ರಿಯ ಮೊದಲ ಮೂರನೆಯ ಒಂದು ಪಾಲಿನಲ್ಲಿ ಗಾಢ ನಿದ್ದೆ ಹೆಚ್ಚು. ಬೆಳವಣಿಗೆಯ ಹಾರ್ಮೋನು ದೊಡ್ಡ ಪ್ರಮಾಣದಲ್ಲಿ ಸುರಿಯುವುದು ಆಗಲೇ. ರಾತ್ರಿ ಕಳೆದಂತೆ ಗಾಢ ನಿದ್ದೆ ತೆಳುವಾಗಿ, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಅತ್ತಿತ್ತ ಓಡಾಡುವ ಕನಸಿನ ನಿದ್ದೆ ಉದ್ದವಾಗುತ್ತ ಹೋಗುತ್ತದೆ. ಇದು ಮೊದಲು ಸಿಕ್ಕಿದ್ದೂ ಒಬ್ಬ ಹುಡುಗನ ಕಣ್ಣಲ್ಲೇ: ಷಿಕಾಗೋದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯುಜೀನ್ ಆಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನ ಕಣ್ಣ ಬದಿಗೆ ತಂತಿ ಅಂಟಿಸಿ, ಯಂತ್ರದ ಲೇಖನಿ ನಟ್ಟಿರುಳಿನಲ್ಲಿ ಎಚ್ಚರಿದ್ದವರ ಕಣ್ಣಿನ ಗೆರೆಯನ್ನೇ ಬರೆಯುವುದನ್ನು ಕಂಡ. ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ 1953ರಲ್ಲಿ ಅದನ್ನು ಪ್ರಕಟಿಸಿದ. ಎಂಟು ತಾಸಿನ ನಿದ್ದೆಯಿಂದ ಕೊನೆಯ ಮೂರು ತಾಸು ಕತ್ತರಿಸಿದರೆ ಹೋಗುವುದು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪವಲ್ಲ; ಕನಸಿನ ನಿದ್ದೆಯ ದೊಡ್ಡ ಪಾಲೇ ಹೋಗುತ್ತದೆ. ಮೊದಲ ಪಾಲಿನ ಗಾಢ ನಿದ್ದೆ ಹೇಗೋ ದಕ್ಕುವುದರಿಂದ ಹುಡುಗ ಎದ್ದು ಕೂರಬಲ್ಲ, ಮುಖ ತೊಳೆದು ಪುಸ್ತಕ ಬಿಚ್ಚಬಲ್ಲ. 'ನೋಡ್ರೀ, ಏನೂ ಆಗಿಲ್ಲ' ಎಂದು ಮನೆಯವರಿಗೆ ಅನ್ನಿಸುವುದು ಹೀಗೆ.

ಹಾಗಾದರೆ ಒಂಬತ್ತಕ್ಕೇ ಮಲಗಿಸಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಹತ್ತು ವರ್ಷದ ಮಗುವಿನ ವಿಷಯದಲ್ಲಿ ಉತ್ತರ ಹೌದು. ಹದಿನೈದರವರ ವಿಷಯದಲ್ಲಿ ದೇಹವೇ ಅಡ್ಡ ನಿಲ್ಲುತ್ತದೆ. ನಿದ್ದೆಯನ್ನು ಎರಡು ಶಕ್ತಿಗಳು ಆಳುತ್ತವೆ ಎಂದು ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಸೂಚಿಸಿದ ಮಾದರಿ ಇಂದಿಗೂ ನಿಂತಿದೆ. ಎಚ್ಚರಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಕಣ್ಣಿನ ನರಗಳು ಒಂದನ್ನೊಂದು ದಾಟುವಲ್ಲಿ, ಅದರ ಮೇಲ್ಗಡೆ ಮೆದುಳಿನಲ್ಲಿ ಕೂತಿರುವ ಗಡಿಯಾರ ಇನ್ನೊಂದು. ಆ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟರೆ ಮನುಷ್ಯರಲ್ಲಿ ಸರಾಸರಿ 24 ತಾಸು 11 ನಿಮಿಷಕ್ಕೊಮ್ಮೆ ಸುತ್ತುತ್ತದೆಂದು ಹಾರ್ವರ್ಡಿನ ತಂಡವೊಂದು 1999ರಲ್ಲಿ ಅಳೆದಿತ್ತು. ಅದನ್ನು ದಿನವೂ ಹಿಂದೆಳೆದು ಸರಿಮಾಡುವುದು ಬೆಳಗಿನ ಬಿಸಿಲು. ಪ್ರಾಯಕ್ಕೆ ಬರುವಾಗ ಎರಡೂ ಶಕ್ತಿಗಳು ಒಂದೇ ದಿಕ್ಕಿಗೆ ವಾಲುತ್ತವೆ: ನಿದ್ದೆಯ ಒತ್ತಡ ಮೊದಲಿನಷ್ಟು ಬೇಗ ಏರುವುದಿಲ್ಲ, ಗಡಿಯಾರವೂ ಕತ್ತಲೆಯ ಸಂಕೇತವಾದ ಮೆಲಟೋನಿನ್ನನ್ನು ತಡವಾಗಿ ಬಿಡತೊಡಗುತ್ತದೆ. ಯುರೋಪಿನಲ್ಲಿ ಸಾವಿರಾರು ಜನರ ರಜಾದಿನಗಳ ನಿದ್ದೆಯನ್ನು ಲೆಕ್ಕಹಾಕಿದ ಟಿಲ್ ರೋನೆಬರ್ಗ್ 2004ರಲ್ಲಿ ತೋರಿಸಿದಂತೆ, ತಡವಾಗಿ ಮಲಗುವ ಒಲವು ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿಗೇರಿ ಅಲ್ಲಿಂದ ಇಳಿಯುತ್ತದೆ. ನಲವತ್ತೈದರ ತಂದೆಗೆ ಹತ್ತಕ್ಕೆ ಕಣ್ಣು ಎಳೆಯುವಾಗ ಮಗನಿಗೆ ಎಳೆಯದಿರುವುದಕ್ಕೆ ಶಿಸ್ತಿನ ಕೊರತೆ ಕಾರಣವಲ್ಲ.

ಈ ವಿಷಯಕ್ಕೆ ಜೀವನ ಮುಡಿಪಿಟ್ಟವರು ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್. ಮಕ್ಕಳು ದೊಡ್ಡವರಾದಂತೆ ನಿದ್ದೆ ಕಡಿಮೆ ಸಾಕಾಗುತ್ತದೆ ಎಂದು ಅವರೂ ನಂಬಿದ್ದರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಬೇಸಿಗೆ ಶಿಬಿರದಲ್ಲಿ ಹತ್ತು ತಾಸು ಮಲಗಲು ಬಿಟ್ಟಾಗ ಚಿಕ್ಕವರೂ ದೊಡ್ಡವರೂ ಹೆಚ್ಚುಕಡಿಮೆ ಒಂಬತ್ತು ತಾಸು ಮಲಗಿದರು. ಸಾಲದ್ದಕ್ಕೆ ದೊಡ್ಡವರೇ ಹಗಲಲ್ಲಿ ಹೆಚ್ಚು ತೂಕಡಿಸಿದರು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ತಂಡ ಒಂದೇ ಗುಂಪಿನ ಮಕ್ಕಳನ್ನು ಒಂಬತ್ತನೆಯ ತರಗತಿಯಿಂದ ಹತ್ತನೆಯದರವರೆಗೆ ಹಿಂಬಾಲಿಸಿತು. ಒಂಬತ್ತನೆಯ ತರಗತಿಯಲ್ಲಿ ಶಾಲೆ 8.25ಕ್ಕೆ, ಹತ್ತನೆಯದರಲ್ಲಿ 7.20ಕ್ಕೆ. ಏಳುವ ಹೊತ್ತು ಹಿಂದೆ ಸರಿಯಿತು, ಮಲಗುವ ಹೊತ್ತು ಸರಿಯಲಿಲ್ಲ. ಹಗಲಲ್ಲಿ ಕತ್ತಲ ಕೋಣೆಯಲ್ಲಿ ಮಲಗಿಸಿ ನೋಡಿದಾಗ ಸುಮಾರು ಅರ್ಧದಷ್ಟು ಹತ್ತನೆಯವರು ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಒಮ್ಮೆಯಾದರೂ ನೇರ ಕನಸಿನ ನಿದ್ದೆಗೆ ಜಾರಿದರು. ನಾರ್ಕೊಲೆಪ್ಸಿ ಎಂಬ ಕಾಯಿಲೆಯವರಲ್ಲಿ ಕಾಣುವ ಲಕ್ಷಣ ಅದು. ಬೆಳಗಿನ ಜಾವ ಕಸಿದ ನಿದ್ದೆಯನ್ನು ಮೆದುಳು ಹಗಲಲ್ಲಿ ವಸೂಲಿಗೆ ಹೊರಟಿತ್ತು.

ಇಲ್ಲಿ ಮೊದಲ ಆಕ್ಷೇಪ: ಇದೆಲ್ಲ ಮೊಬೈಲಿನ ಕಿತಾಪತಿ, ಜೀವಶಾಸ್ತ್ರದ ಹೆಸರು ಯಾಕೆ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸಂಜೆಯ ಬೆಳಕು ಮೆಲಟೋನಿನ್ನನ್ನು ತಡೆಯುತ್ತದೆ, ಮಕ್ಕಳಲ್ಲಿ ಬಹಳ ಜೋರಾಗಿ ತಡೆಯುತ್ತದೆ. ಕೊಲರಾಡೋದಲ್ಲಿ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ತಾಸು ಪ್ರಖರ ಬೆಳಕಿನ ಮೇಜಿನ ಮೇಲೆ ಆಟಕ್ಕೆ ಕೂರಿಸಿದಾಗ ಮೆಲಟೋನಿನ್ ಸುಮಾರು ಶೇ 88ರಷ್ಟು ಕುಸಿಯಿತೆಂದು 2018ರಲ್ಲಿ ವರದಿಯಾಯಿತು. ಆ ಬೆಳಕು ಫೋನಿನ ಪರದೆಗಿಂತ ಬಹಳ ಹೆಚ್ಚಿನದು ಎಂಬುದನ್ನೂ ಹೇಳಬೇಕು. ನನ್ನ ಎಣಿಕೆಯಲ್ಲಿ ದೊಡ್ಡ ಮಕ್ಕಳ ನಿದ್ದೆಯನ್ನು ಫೋನಿನ ಬೆಳಕಿಗಿಂತ ಅದರೊಳಗಿನ ಸರಕೇ ಹೆಚ್ಚು ತಿನ್ನುತ್ತದೆ. ಇನ್ನೊಂದು ರೀಲ್ಸ್, ಇನ್ನೊಂದು ಆಟ. ಆದರೆ ಫೋನೇ ಮೂಲವಾಗಿದ್ದರೆ ಅದು ಹುಟ್ಟುವ ಮುಂಚಿನ 1970, 80ರ ದಶಕಗಳಲ್ಲಿ ಈ ತಡ ಕಾಣಬಾರದಿತ್ತು. ಪ್ರಾಯಕ್ಕೆ ಬರುವ ಇಲಿಗಳಲ್ಲೂ ಕೋತಿಗಳಲ್ಲೂ ಕಾಣಬಾರದಿತ್ತು. ಕಂಡಿದೆ. ಫೋನು ಇಳಿಜಾರನ್ನು ಕಡಿದಾಗಿಸಿತು, ಅಷ್ಟೇ.

ಬಾಗಲಕೋಟೆಯ ಮಕ್ಕಳಿಗೆ ಇನ್ನೊಂದು ಹೊರೆ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ದೇಶದ ಗಡಿಯಾರ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಕೆರೂರು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ 28 ನಿಮಿಷ ಹಿಂದೆ. ಕೋಲ್ಕತ್ತದ ನಡುಹಗಲಿಗೆ ಹೋಲಿಸಿದರೆ ಐವತ್ತು ನಿಮಿಷ ಹಿಂದೆ. ಇದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಅಳೆದಿದ್ದಾರೆ. ಆರು ರಾಜ್ಯಗಳಲ್ಲಿ ನಡೆದ 1998–99ರ ಸಮಯ ಬಳಕೆ ಸಮೀಕ್ಷೆಯನ್ನೂ ಇತರ ಮಾಹಿತಿಯನ್ನೂ ಬಳಸಿ ಅವರು ಕಂಡದ್ದು: ಸೂರ್ಯಾಸ್ತ ಒಂದು ತಾಸು ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ತಾಸು ಕಡಿಮೆಯಾಗುತ್ತದೆ. ಮಲಗುವುದು ಸೂರ್ಯನ ಪ್ರಕಾರ ತಡವಾಗುತ್ತದೆ, ಏಳುವುದು ಮಾತ್ರ ಶಾಲೆಯ ಗಡಿಯಾರದ ಪ್ರಕಾರ ನಿಂತಲ್ಲೇ ನಿಲ್ಲುತ್ತದೆ. ಪಶ್ಚಿಮದಂಚಿನ ಮಕ್ಕಳು ಓದಿನಲ್ಲೂ ಹಿಂದೆ ಬೀಳುತ್ತಾರೆ, ಬಡ ಮನೆಗಳಲ್ಲಿ ಇದು ಇನ್ನೂ ಹೆಚ್ಚು ಎಂಬುದು ಅವರ ತೀರ್ಮಾನ.

ಎರಡನೆಯ ಆಕ್ಷೇಪ ಹಿರಿಯರದು. 'ನಾವೆಲ್ಲಾ ನಾಕಕ್ಕ ಎದ್ದವ್ರs. ನಮಗೇನಾತು?' ಎದ್ದವರು ನಿಜ. ಆದರೆ ಹೊಲಕ್ಕೆ ಹೋಗಿ ಬಂದು, ಚಿಮಣಿ ದೀಪದಲ್ಲಿ ಉಂಡು, ಎಂಟಕ್ಕೆ ಒರಗಿದವರು ಅವರು. ಎಂಟು ತಾಸಿನ ಲೆಕ್ಕ ಅಲ್ಲಿಗೆ ಸರಿಹೋಗುತ್ತಿತ್ತು. ಬ್ರಾಹ್ಮೀ ಮುಹೂರ್ತದ ಮಾತನ್ನೂ ಎತ್ತುತ್ತಾರೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗುವ ಹೊತ್ತು. ಮಾರ್ಚ್ ಕೊನೆಗೆ ಕೆರೂರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಸುಮಾರಿಗೆ. ಅಂದರೆ ಶಾಸ್ತ್ರದ ಪ್ರಕಾರವೂ ನಾಲ್ಕು ಗಂಟೆ ಎಂಬುದು ಮುಹೂರ್ತಕ್ಕೆ ಸುಮಾರು ಒಂದು ತಾಸು ಮೊದಲೇ ಎದ್ದಂತೆ! ಆಯುರ್ವೇದದ ಸಾಕ್ಷಿಯನ್ನು ಕರೆಯುವುದಾದರೆ ಪೂರ್ತಿ ಕರೆಯಬೇಕು: ದೇಹವನ್ನು ಹಿಡಿದು ನಿಲ್ಲಿಸುವ ಮೂರು ಆಧಾರಗಳಲ್ಲಿ ಆಹಾರದ ಪಕ್ಕದಲ್ಲೇ ನಿದ್ದೆಯನ್ನು ಇಟ್ಟದ್ದು ಚರಕ ಸಂಹಿತೆ.

ಇದೇ ಆಕ್ಷೇಪದ ಬಲವಾದ ರೂಪ ವಿಜ್ಞಾನದ ಒಳಗಿನಿಂದಲೇ ಬಂದಿದೆ. ಟಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ ಸಮುದಾಯಗಳಲ್ಲಿ ವಿದ್ಯುತ್ ದೀಪವಿಲ್ಲದೆ ಬದುಕುವ ವಯಸ್ಕರಿಗೆ ಕೈಗೆ ಯಂತ್ರ ಕಟ್ಟಿ ಅಳೆದಾಗ ಸಿಕ್ಕ ನಿದ್ದೆ 5.7ರಿಂದ 7.1 ತಾಸು ಮಾತ್ರ ಎಂದು 2015ರಲ್ಲಿ ಪ್ರಕಟವಾಯಿತು. ಎಂಟು ತಾಸೆಂಬುದು ನಗರದವರ ಚಾಳಿ ಎಂದು ಕೆಲವರು ಕುಣಿದರು. ಆದರೆ ಅಳತೆಗೆ ಸಿಕ್ಕವರು ಬೆಳೆದ ಹೆಂಗಸರು, ಗಂಡಸರು, ಹದಿಹರೆಯದವರಲ್ಲ. ಅವರು ಹಾಸಿಗೆಯಲ್ಲಿ ಕಳೆದ ಹೊತ್ತು ಏಳರಿಂದ ಎಂಟೂವರೆ ತಾಸು. ಅವರನ್ನು ಯಾರೂ ಕರೆ ಮಾಡಿ ಎಬ್ಬಿಸಿರಲಿಲ್ಲ ಎಂಬುದೂ ಸಣ್ಣ ವ್ಯತ್ಯಾಸವಲ್ಲ.

ಇನ್ನು ಅಂಕಗಳ ಮಾತು. ಪಾಲಕರು ಕಿವಿಗೊಡುವುದು ಇದಕ್ಕೇ. ಪರೀಕ್ಷೆಯ ಹುಚ್ಚಿನಲ್ಲಿ ನಮಗೇನೂ ಕಡಿಮೆಯಿಲ್ಲದ ಸಿಂಗಪುರದಲ್ಲಿ 15ರಿಂದ 19 ವಯಸ್ಸಿನ 56 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರವಿಡೀ ರಾತ್ರಿಗೆ ಒಂಬತ್ತು ತಾಸು, ಇನ್ನೊಂದಕ್ಕೆ ಐದು ತಾಸು ಹಾಸಿಗೆ ಕೊಟ್ಟರು. ಐದು ತಾಸು, ಅಂದರೆ ನಮ್ಮ ಕೆರೂರಿನ ಲೆಕ್ಕದ ರಾತ್ರಿ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನ ಗಮನ, ಕೆಲಸದ ನಡುವೆ ತಲೆಯಲ್ಲಿ ಹಿಡಿದಿಡುವ ನೆನಪು, ಉಲ್ಲಾಸ ದಿನದಿಂದ ದಿನಕ್ಕೆ ಇಳಿದವು. ಆಮೇಲೆ ಎರಡು ರಾತ್ರಿ ಒಂಬತ್ತು ತಾಸು ಮಲಗಿಸಿದರೂ ಎಲ್ಲವೂ ಮೊದಲ ಮಟ್ಟಕ್ಕೆ ಬರಲಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಬೆಳ್ಳಂಬೆಳಗಿನ ತನಕ ನಾಟಕ ನೋಡಿದ ಹುಡುಗನ ಬಗ್ಗೆ ನನಗೆ ಚಿಂತೆಯಿಲ್ಲ. ಒಂದು ರಾತ್ರಿಯ ಕೊರತೆಯನ್ನು ಆ ವಯಸ್ಸು ನುಂಗಿಕೊಳ್ಳುತ್ತದೆ. ಚಿಂತೆ ಇರುವುದು ಜನವರಿಯಿಂದ ಮಾರ್ಚಿನವರೆಗೆ ದಿನಾ ನಡೆಯುವ ಕಡಿತದ ಬಗ್ಗೆ. ಲಾಸ್ ಏಂಜಲೀಸಿನ 535 ಹೈಸ್ಕೂಲು ಮಕ್ಕಳು ಬರೆದ ದಿನಚರಿಗಳನ್ನು ನೋಡಿದ ಮತ್ತೊಂದು ಅಧ್ಯಯನ ಇನ್ನೂ ನೇರವಾಗಿದೆ. ನಿದ್ದೆಗೆಟ್ಟು ಎಂದಿಗಿಂತ ಹೆಚ್ಚು ಓದಿದ ಮರುದಿನವೇ ಆ ಮಕ್ಕಳಿಗೆ ಪಾಠ ಅರ್ಥವಾಗದ, ಪರೀಕ್ಷೆಯಲ್ಲಿ ಎಡವಿದ ಸಂದರ್ಭಗಳು ಹೆಚ್ಚಾಗಿದ್ದವು. 'ಹಾಂಗಾದ್ರ ರ‍್ಯಾಂಕ್ ಬಂದಾಂವ ನಾಕಕ್ಕs ಏಳತಿದ್ದ ಅಂತ ಪೇಪರ್‌ನಾಗ ಬಂದಿತ್ತಲ್ಲ?' ಬಂದಿರುತ್ತದೆ. ನಾಲ್ಕಕ್ಕೇ ಎದ್ದು ನಪಾಸಾದವರ ಸಂದರ್ಶನ ಯಾರೂ ಮಾಡುವುದಿಲ್ಲ.

ನಸುಕಿನಲ್ಲಿ ಓದಿದ್ದು ನಿಲ್ಲುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷೆಗೆ ಹಚ್ಚಬಹುದು. ಜರ್ಮನಿಯಲ್ಲಿ 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೈಸ್ಕೂಲಿನವರಿಗೆ ಪರಭಾಷೆಯ ಪದಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಕೆಲವೇ ತಾಸಿನೊಳಗೆ ಮಲಗಿದವರಿಗೆ ಹೆಚ್ಚು ಪದ ನೆನಪಿದ್ದವು, ಕಲಿತು ದಿನವಿಡೀ ಎಚ್ಚರಿದ್ದವರಿಗೆ ಕಡಿಮೆ. ಕಲಿತದ್ದನ್ನು ಗಟ್ಟಿಮಾಡುವ ಕೆಲಸ ನಿದ್ದೆಯಲ್ಲೇ ಹೆಚ್ಚು ನಡೆಯುತ್ತದೆ ಎಂಬುದಕ್ಕೆ ಇದು ಒಂದು ಸಾಕ್ಷಿ, ಏಕೈಕ ಸಾಕ್ಷಿಯಲ್ಲ. ನಸುಕಿನಲ್ಲಿ ಮನೆ ನಿಶ್ಶಬ್ದವಾಗಿರುತ್ತದೆ, ಕರೆಯುವವರಿಲ್ಲ. ಆ ಹೊತ್ತಿನ ಕೀರ್ತಿಯ ದೊಡ್ಡ ಪಾಲು ಆ ನಿಶ್ಶಬ್ದಕ್ಕೆ ಸಲ್ಲಬೇಕು.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ಪ್ರಯೋಗ ನಡೆದದ್ದು ನೆರೆಯ ಚೆನ್ನೈಯಲ್ಲಿ. ಕಡಿಮೆ ಆದಾಯದ 452 ವಯಸ್ಕರನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದಂತೆ, ಅವರು ಸುಮಾರು ಎಂಟು ತಾಸು ಹಾಸಿಗೆಯಲ್ಲಿದ್ದರೂ ನಿದ್ದೆ ಐದೂವರೆ ತಾಸು ಮಾತ್ರ. ಕಣ್ಣಿಗೆ ಪಟ್ಟಿ, ಕಿವಿಗೆ ಬಿರಡೆ, ಫ್ಯಾನು ಕೊಟ್ಟು, ಹುರಿದುಂಬಿಸಿ ರಾತ್ರಿಯ ನಿದ್ದೆಯನ್ನು 27 ನಿಮಿಷ ಹೆಚ್ಚಿಸಿದರು. ದುಡಿಮೆಯಲ್ಲಾಗಲಿ ಚುರುಕಿನಲ್ಲಾಗಲಿ ಏನೂ ಬದಲಾಗಲಿಲ್ಲ. ಕೆಲಸದ ಜಾಗದಲ್ಲಿ ಮಧ್ಯಾಹ್ನ ಅರ್ಧ ತಾಸು ಮಲಗಲು ಬಿಟ್ಟಾಗ ಮಾತ್ರ ಎರಡೂ ಸುಧಾರಿಸಿದವು. ಇದರಿಂದ ರಾತ್ರಿಯ ನಿದ್ದೆ ವ್ಯರ್ಥ ಎಂದು ತೀರ್ಮಾನಿಸಲಾಗದು: ಅಲ್ಲಿ ಸೇರಿಸಿದ್ದು 27 ನಿಮಿಷ, ಇಲ್ಲಿ ಕಳೆಯುತ್ತಿರುವುದು ಮೂರು ತಾಸು. ಆದರೆ ತಾಸುಗಳ ಎಣಿಕೆಯಷ್ಟೇ ಸಾಲದು, ಒಡೆದೊಡೆದು ಬರುವ ನಿದ್ದೆಗೆ ಬೆಲೆ ಕಡಿಮೆ ಎಂಬ ಪಾಠ ಅದರಲ್ಲಿದೆ. ನಮ್ಮ ಭಾಗದ ರಾತ್ರಿಯನ್ನು ಒಡೆಯುವವು ಒಂದೆರಡಲ್ಲ. ದೇಹದ ಒಳಬಿಸಿ ಇಳಿಯದೆ ನಿದ್ದೆ ಹತ್ತುವುದಿಲ್ಲ. ಹಳೆಯ ಮೇಲ್ಮುದ್ದೆ ಮನೆ ಅದಕ್ಕೆ ಅನುವಾಗಿತ್ತು, ಹಗಲ ಬಿಸಿಲನ್ನು ಕುಡಿದು ರಾತ್ರಿಯಿಡೀ ಉಗುಳುವ ಆರ್‌ಸಿಸಿ ಛತ್ತು ಅಲ್ಲ. ಕೆರೂರಿನಲ್ಲಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಲಾರಿಗಳ ಹಾರ್ನು, ಗುಳೇದಗುಡ್ಡ, ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಸದ್ದು, ಎಲ್ಲ ಕಡೆ ಸೊಳ್ಳೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಡುತ್ತಾನೆ, ಅವನ ಹಿಂದೆ ಹೈಸ್ಕೂಲಿನ ಮಗನೂ.

ಎಲ್ಲ ಕೆಟ್ಟ ನಿದ್ದೆಯೂ ವೇಳಾಪಟ್ಟಿಯ ದೋಷವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನೂರರಲ್ಲಿ ಒಂದರಿಂದ ಐದು ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ದಿನಾ ಗೊರಕೆ, ಬಾಯಿಂದ ಉಸಿರಾಟ, ಬೆವರು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಅದರ ಗುರುತು. ಇಂಥ ಮಗು ಹಗಲಲ್ಲಿ ತೂಕಡಿಸುವ ಬದಲು ಕುಣಿದಾಡುವುದೇ ಹೆಚ್ಚು, ಹಾಗಾಗಿ ವೈದ್ಯರಿಗಿಂತ ಮೊದಲು ಬೈಗುಳ ಸಿಗುತ್ತದೆ. 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಶಸ್ತ್ರಚಿಕಿತ್ಸೆಯಾದವರ ನಿದ್ದೆ, ನಡವಳಿಕೆ ಸುಧಾರಿಸಿದವು. ಗಮನದ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು, ಮಲಗಿದೊಡನೆ 'ಕಾಲು ಹರಿತಾವ' ಎಂದು ಅಳುವ ಮಗು. ಬೆಳೆಯುವ ನೋವೆಂದು ಎಣ್ಣೆ ತಿಕ್ಕಿ ಬಿಡುತ್ತಾರೆ. ಕೆಲವರಲ್ಲಿ ಅದು ಕಾಲುಗಳನ್ನು ಸುಮ್ಮನಿರಗೊಡದ ಕಾಯಿಲೆ, ಕಬ್ಬಿಣಾಂಶದ ಕೊರತೆಯೊಂದಿಗೆ ತಳುಕು ಹಾಕಿಕೊಂಡದ್ದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಗೂ ನಿದ್ದೆಗೂ ನಂಟಿದೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು ಒಳ್ಳೆಯದು.

ಪರಿಹಾರದ ವಿಷಯದಲ್ಲಿ ಜಗತ್ತು ಗುದ್ದಾಡುತ್ತಿರುವುದು ಶಾಲೆಯ ಗಂಟೆಯ ಜೊತೆ. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲನ್ನು 7.50ರಿಂದ 8.45ಕ್ಕೆ ಸರಿಸಿದಾಗ ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಿತು. ತಡವಾಗಿ ಏಳುವಂತಾದರೆ ಅಷ್ಟೇ ತಡವಾಗಿ ಮಲಗುತ್ತಾರೆ ಎಂಬ ಭಯ ಹುಸಿಯಾಯಿತು. ಸಿಂಗಪುರದ ಒಂದು ಶಾಲೆಯಲ್ಲಿ 45 ನಿಮಿಷ ಸರಿಸಿದ ಒಂಬತ್ತು ತಿಂಗಳ ಮೇಲೆ ಉಳಿದ ಲಾಭ ಮಾತ್ರ ಹತ್ತು ನಿಮಿಷದಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲು 8.30ಕ್ಕಿಂತ ಮುಂಚೆ ಶುರುವಾಗಬಾರದೆಂಬ ಕಾನೂನಿದೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಒಂಬತ್ತಕ್ಕೆ ಅಥವಾ ಅದಾದ ಮೇಲೆ ತೆರೆಯಲಿ ಎಂದು ಆದೇಶಿಸಿತು. ಇಷ್ಟು ಹೋರಾಡಿ ಅವರು ಪಡೆದದ್ದಕ್ಕಿಂತ ಉದಾರವಾದ ಗಂಟೆ ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಮೊದಲಿನಿಂದಲೂ ಇದೆ: ಶನಿವಾರದ ಬೆಳಗಿನ ಶಾಲೆ ಬಿಟ್ಟರೆ ಪಾಠ ಶುರುವಾಗುವುದು ಹತ್ತರ ಆಸುಪಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಹತ್ತಕ್ಕೇ. ಜಗತ್ತಿನ ನಿದ್ರಾ ವಿಜ್ಞಾನಿಗಳು ಕೇಳಿ ಸುಸ್ತಾದ ವರವನ್ನು ಹಳ್ಳಿಯ ಕನ್ನಡ ಶಾಲೆ ಪುಕ್ಕಟೆ ಕೊಟ್ಟಿದೆ. ಅದನ್ನು ನಾಲ್ಕು ಗಂಟೆಯ ಕರೆ ಕಿತ್ತುಕೊಳ್ಳುತ್ತಿದೆ. ವ್ಯಾನು ಹತ್ತಿಸಿ ಎಂಟಕ್ಕೆ ಕಳಿಸುವ ಖಾಸಗಿ ಶಾಲೆಗಳ ಕತೆ ಬೇರೆ, ಅಲ್ಲಿ ಗಂಟೆಯ ಮೇಲೇ ಜಗಳ ಹೂಡಬೇಕು.

ಕರೆ ನಿಲ್ಲಬೇಕಿಲ್ಲ, ಹೊತ್ತು ಬದಲಾದರೆ ಸಾಕು. ಅದೇ ಶಿಕ್ಷಕರು ಅದೇ ಹಂಚಿಕೆಯಲ್ಲಿ ರಾತ್ರಿ ಎಂಟಕ್ಕೆ ಫೋನು ಮಾಡಿ ಟಿವಿ ಆರಿಸಿದಿರಾ ಎಂದು ಕೇಳಲಿ, ಹತ್ತಕ್ಕೆ ಮಾಡಿ ಪುಸ್ತಕ ಮುಚ್ಚಿಸಿದಿರಾ ಎಂದು ಕೇಳಲಿ. ಬಾಯಿಪಾಠದ ವಿಷಯವನ್ನು ಮಲಗುವ ಮುಂಚೆ ಓದಿ, ಹತ್ತೂಕಾಲಿಗೆ ಮಲಗಿ ಆರೂಕಾಲಿಗೆ ಎದ್ದರೆ ಎಂಟು ತಾಸಾಯಿತು, ಹತ್ತರ ಗಂಟೆಗೆ ಇನ್ನೂ ಮೂರೂಮುಕ್ಕಾಲು ತಾಸು ಉಳಿಯಿತು. ಲೆಕ್ಕ ಬಿಡಿಸಲು ಬೇಕಾದ ಚುರುಕು ಆಗ ಇರುತ್ತದೆ, ಗಡಿಯಾರ ಸರಿಮಾಡುವ ಬಿಸಿಲೂ ಕಣ್ಣಿಗೆ ಬೀಳುತ್ತದೆ. ಮಗ್ಗ ಹನ್ನೊಂದರವರೆಗೂ ನಿಲ್ಲದ ಮನೆಗೆ ಈ ಲೆಕ್ಕ ಕೂಡುವುದಿಲ್ಲ, ನಿಜ. ಅಂಥ ಮಗುವಿಗೆ ಏಳೂವರೆಗೆ ಏಳಲು ಬಿಡಬೇಕು, ಅದೂ ಆಗದಿದ್ದರೆ ಮಧ್ಯಾಹ್ನದ ಬಿಸಿಯೂಟದ ನಂತರ ಶಾಲೆಯಲ್ಲೇ ಅರ್ಧ ತಾಸು ತಲೆಯಾನಿಸಲು ಬಿಡಬೇಕು. ಹಗಲು ನಿದ್ದೆಯನ್ನು ಸಾಮಾನ್ಯವಾಗಿ ಒಪ್ಪದ ಚರಕ ಸಂಹಿತೆ ಎಲ್ಲ ಋತುಗಳಲ್ಲೂ ಅದಕ್ಕೆ ಅನುಮತಿ ಕೊಟ್ಟವರ ಪಟ್ಟಿಯಲ್ಲಿ ಮಕ್ಕಳಿದ್ದಾರೆ, ಓದಿ ದಣಿದವರೂ ಇದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುವ ಆದೇಶ ಹೊರಡುವುದುಂಟು. ನೌಕರರ ಮೈಗೆ ಈ ನೆಲದ ಬಿಸಿಲಿನ ಲೆಕ್ಕ ಹಾಕಿದ ಸರ್ಕಾರ ಹತ್ತನೆಯ ತರಗತಿಯ ಬೆಂಚಿಗೂ ಅರ್ಧ ತಾಸಿನ ಆದೇಶ ಬರೆಯಬಹುದು. ಮೂರು ಗಂಟೆಯೊಳಗೆ ಎಬ್ಬಿಸಬೇಕು, ಅಷ್ಟೇ. ಅದಕ್ಕಿಂತ ತಡವಾದರೆ ರಾತ್ರಿ ನಿದ್ದೆ ಹತ್ತುವುದೂ ತಡವಾಗುತ್ತದೆ.